ಏಳು ದಿಂಬು, ಒಂದೇ ತಗ್ಗು

ಮೂರು ದಿನ ಬಿಡದೆ ಬೀಸಿದ ಒಣಗಾಳಿ ಆ ಬೆಳಗ್ಗೆ ಇದ್ದಕ್ಕಿದ್ದಂತೆ ನಿಂತುಹೋಗಿತ್ತು. ಊರಿಗೆ ಊರೇ ಉಸಿರು ಹಿಡಿದು ಕೂತ ಹಾಗಿತ್ತು. ಗಾಳಿ ಹೊತ್ತು ತಂದಿದ್ದ ಮಣ್ಣು ಈಗ ಸಾವಕಾಶವಾಗಿ ಕೆಳಗಿಳಿದು, ಕಿಟಕಿಯ ಚೌಕಟ್ಟಿನ ಮೇಲೂ ಮೆಟ್ಟಿಲ ಮೇಲೂ ಜರಡಿ ಹಿಡಿದ ಹಿಟ್ಟಿನಂತೆ ಹರಡಿಕೊಂಡಿತ್ತು.

ಹೊಳೆಯಾಚೆಯ ಸಭಾಮನೆಯೊಳಗೂ ಅದು ನುಗ್ಗಿತ್ತು. ದೇವರ ಮನೆ ಎಂದು ಧೂಳಿಗೇನು ಭಯಭಕ್ತಿ?

ಮೂರನೆಯ ಸಾಲಿನ ನಡುವೆ ಕೊಡೆಯಮ್ಮ ಮಂಡಿಯೂರಿ, ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ, ಒಂದು ಬೂದು ಬಣ್ಣದ ದಿಂಬನ್ನೇ ನೋಡುತ್ತಿದ್ದರು.

"ಏನಾದ್ರೂ ಬಿತ್ತಾ ಅಕ್ಕ?" ಬಾಗಿಲ ಬಳಿಯಿಂದ ಪಟ್ಟಿಯಮ್ಮ ಕೇಳಿದರು. ಈ ಸಭೆಯ ಹೆಸರಿನ ಪಟ್ಟಿ ಬರೆದಿಡುವವರು ಅವರೇ, ಬೀಗದ ಕೈ ಇಟ್ಟುಕೊಂಡವರೂ ಅವರೇ.

"ಬಿದ್ದಿಲ್ಲಮ್ಮ. ಬಿದ್ದಿದ್ರೆ ಸುಲಭ ಇತ್ತು. ಎತ್ತಿ ಕೊಟ್ಟು ಮನೆಗೆ ಹೋಗ್ತಿದ್ದೆ."

ಅದು ಬರಿಯ ಚಟಾಕಿಯಲ್ಲ. ಮೂವತ್ತು ವರ್ಷ ಕೊಡೆಯಮ್ಮ ರೈಲು ನಿಲ್ದಾಣದ ಕಳೆದ ಸಾಮಾನಿನ ಕಚೇರಿಯಲ್ಲಿ ಕೂತು, ಜನ ಮರೆತು ಹೋದ ಕೊಡೆ, ಚೀಲ, ಚಪ್ಪಲಿಗಳನ್ನು ಅವರವರಿಗೆ ಮುಟ್ಟಿಸಿದವರು. ನಿವೃತ್ತಿಯಾದ ಮೇಲೆ ಜನ ಬಂದು, ಸಾಮಾನು ಹುಡುಕಿದವರು ಮನುಷ್ಯರನ್ನೂ ಹುಡುಕಿಕೊಡಿ ಎಂದರು. ಹೀಗೆ ಶುರುವಾದ ಪತ್ತೇದಾರಿಕೆ ಇದು.

ನಾಲ್ಕು ದಿನದ ಹಿಂದೆ, ಊರಲ್ಲಿ ಎದ್ದ ಗುಸುಗುಸು ಕಿವಿಗೆ ಬಿದ್ದು, ಹೊಳೆಯೀಚೆಯ ಸಭೆಯ ಹಿರಿಯರು ಆಕೆಗೆ ಒಂದೇ ಪ್ರಶ್ನೆ ಒಪ್ಪಿಸಿದ್ದರು: ಇಸ್ತ್ರಿಯಮ್ಮನ ಮಗಳು ಎರಡು ವರ್ಷದ ಹಿಂದೆ ಹೊಳೆಯಾಚೆಯ ಸಭೆಗೆ ಹೋದಳಲ್ಲ, ಅವಳು ನಿಜವಾಗಿ ಅಲ್ಲಿದ್ದಾಳೆಯೇ? ಉತ್ತರ ಇವತ್ತು ಸಂಜೆ ಐದಕ್ಕೆ ಕೊಡಬೇಕು. ನಾಳೆ ದೊಡ್ಡ ಹಿರಿಯರು ಎಣಿಕೆಗೆ ಬರುತ್ತಾರೆ.

ಬಿಳಿ ಬಾಗಿಲಿನವರು ಎಂದು ಊರು ಕರೆಯುವ ಈ ಜನ ಕಟ್ಟುನಿಟ್ಟಿನವರು. ಒಳ್ಳೆಯವರು, ಒಬ್ಬರಿಗೊಬ್ಬರು ಆಗುವವರು, ಆದರೆ ಗೆರೆ ಎಂದರೆ ಗೆರೆ. ಸಭಾಮನೆಯಲ್ಲಿ ಒಬ್ಬೊಬ್ಬರಿಗೂ ಒಂದು ಜಾಗ. ಆ ಜಾಗದಲ್ಲಿ ಅವರ ಕೈಯಾರೆ ಹೊಲಿದ ಒಂದು ದಿಂಬು. ಒಂದು ಸಭೆಯಿಂದ ಇನ್ನೊಂದಕ್ಕೆ ಹೋಗುವವರು ದಿಂಬನ್ನು ಕಂಕುಳಲ್ಲಿ ಅವುಚಿಕೊಂಡು ಹೋಗಬೇಕು. ಜೊತೆಗೆ ಹಿರಿಯರು ಬರೆದ ಒಪ್ಪಿಸುವ ಕಾಗದ. ಅದನ್ನು ನಡುವೆ ಹರಿದು, ಒಂದರ್ಧ ಇಟ್ಟುಕೊಂಡು ಇನ್ನೊಂದರ್ಧ ಕೊಟ್ಟು ಕಳಿಸುತ್ತಾರೆ. ಹೊಸ ಸಭೆಯವರು ಆ ಅರ್ಧದ ಮೇಲೆ ಸಾಲು, ಜಾಗ ಬರೆದು ವಾಪಸು ಕಳಿಸಬೇಕು. ಹರಿದ ಅಂಚು ಹರಿದ ಅಂಚಿಗೆ ಕೂಡಿತೋ, ಪುಸ್ತಕದಲ್ಲಿ ಅಂಟಿಸಿ ಮುಗಿಸಿದರು.

ನಾಲ್ಕು ತಿಂಗಳಲ್ಲಿ ಅರ್ಧ ಬಾರದಿದ್ದರೆ, ಹಿರಿಯರು ಎದ್ದು ನಿಂತು ಎಲ್ಲರೆದುರು ಹೆಸರು ಓದುತ್ತಾರೆ. ಹೆಸರು ಓದಿಸಿಕೊಂಡವರ ಜೊತೆ ಸಭೆಯವರು ಕೂತು ಉಣ್ಣುವಂತಿಲ್ಲ, ಒಂದೇ ಸೂರಿನಡಿ ನಿಲ್ಲುವಂತಿಲ್ಲ. ಹೆತ್ತ ತಾಯಿಯಾದರೂ ಅಷ್ಟೇ.

ಇನ್ನೊಂದು ಮಾತಿದೆ. ವರ್ಷಕ್ಕೊಮ್ಮೆ ಬರುವ ದೊಡ್ಡ ಹಿರಿಯರು ಎಣಿಸುವುದು ತಲೆಯನ್ನಲ್ಲ, ದಿಂಬನ್ನು. ತಲೆ ಜ್ವರ ಬಂದು ಮನೆಯಲ್ಲಿ ಮಲಗಿರಬಹುದು, ಕೆಲಸಕ್ಕೆ ಹೋಗಿರಬಹುದು. ದಿಂಬು ಎಲ್ಲಿಗೆ ಹೋದೀತು? ಕೂತು ತಗ್ಗಾದ ದಿಂಬು ಇದ್ದರೆ ಕೂರುವವರೂ ಇದ್ದಾರೆ ಎಂದು ಲೆಕ್ಕ. ಉಬ್ಬಿದ ದಿಂಬು ಕಂಡರೆ ಮಾತ್ರ ಪ್ರಶ್ನೆ.

ಇಸ್ತ್ರಿಯಮ್ಮನ ಮಗಳ ದಿಂಬು ಉಬ್ಬಿರಲಿಲ್ಲ. ತಗ್ಗು ಚೆನ್ನಾಗಿಯೇ ಇತ್ತು.

ಧೂಳು ಇಲ್ಲಿ ಉಪಕಾರ ಮಾಡಿತು. ತಗ್ಗಿನಲ್ಲಿ ಅದು ಹೆಚ್ಚು ನಿಂತಿತ್ತು. ಓರೆಯಾಗಿ ಬಿದ್ದ ಬೆಳಕಿನಲ್ಲಿ ಒಂದೊಂದು ದಿಂಬೂ ತನ್ನ ಮೇಲೆ ಕೂರುವವರ ಕಥೆ ಹೇಳುತ್ತಿತ್ತು: ಇದು ಭಾರಿ ಆಳು, ಇದು ಕಾಲು ಮಡಚಿ ಕೂರುವ ಮುದುಕಿ, ಇದು ಒಂದು ಗಳಿಗೆ ನೆಟ್ಟಗೆ ಕೂರದ ಮಗು.

ಮಗಳ ದಿಂಬಿನ ತಗ್ಗು ಎಡಕ್ಕೆ ಬೋಗುಣಿಯಂತೆ ಆಳವಾಗಿತ್ತು. ಬಲಕ್ಕೆ ಬರಿಯ ಸವರಿದ ಗುರುತು.

ಕೊಡೆಯಮ್ಮ ಚೀಲದಿಂದ ಒಂದು ಚೀಟಿ ತೆಗೆದರು. ಹಿರಿಯರ ಪುಸ್ತಕದಿಂದ ಬರೆದುಕೊಂಡದ್ದು. ಎಂಟು ವರ್ಷದಲ್ಲಿ ಹೊಳೆಯೀಚೆಯಿಂದ ಇಲ್ಲಿಗೆ ಬಂದವರು ಏಳು ಜನ. ಏಳು ಅರ್ಧಗಳೂ ವಾಪಸು ಬಂದಿದ್ದವು, ಅಂಚಿಗೆ ಅಂಚು ಕೂಡಿದ್ದವು. ಎರಡನೆಯ ಸಾಲಿನ ಆರನೆಯದು. ಎಡಕ್ಕೆ ಆಳ, ಬಲಕ್ಕೆ ಸವರು. ಐದನೆಯ ಸಾಲಿನ ಮೊದಲನೆಯದು. ಎಡಕ್ಕೆ ಆಳ. ಗಂಡಸರ ಕಡೆಯ ನಾಲ್ಕನೆಯ ಸಾಲು...

ಏಳು ದಿಂಬು. ಒಂದೇ ತಗ್ಗು.

ನಿನ್ನೆ ರಾತ್ರಿಯವರೆಗೆ ಅವರಿಗೆ ಅನುಮಾನ ಇದ್ದದ್ದು ಇಬ್ಬರ ಮೇಲೆ. ಮಗಳೇ ಆ ಅರ್ಧವನ್ನು ತುಂಬಿ ಕಳಿಸಿರಬಹುದು. ಇಲ್ಲವೇ ತಾಯಿ ಯಾರದೋ ಕೈ ಹಿಡಿದು ಬರೆಸಿರಬಹುದು. ಆದರೆ ಒಂದು ಮನೆಯವರು ತಮ್ಮ ಒಂದು ದಿಂಬಿಗಾಗಿ ಏನಾದರೂ ಮಾಡಿಯಾರು. ಬೇರೆಯವರ ಆರು ದಿಂಬಿನ ಗೊಡವೆ ಅವರಿಗೇಕೆ?

"ನೋಡಿ ಆಯ್ತಾ ಅಕ್ಕ? ನಾಳೆ ಎಣಿಕೆ ಇದೆ, ನಾನು ಧೂಳು ಹೊಡೀಬೇಕು."

"ಆಯ್ತಮ್ಮ. ಆದ್ರೆ ಸಂಜೆವರೆಗೂ ಧೂಳು ಹೊಡೀಬೇಡ. ಮಧ್ಯಾಹ್ನ ಇನ್ನೊಂದ್ಸಲ ಬರ್ತೀನಿ."

ಪಟ್ಟಿಯಮ್ಮ ತಲೆಯಾಡಿಸಿದರು. ಬಲಗಾಲನ್ನು ಎಳೆಯುತ್ತ ಮೇಜಿನ ಬಳಿಗೆ ಹೋದರು. ಎಳೆವೆಯಲ್ಲಿ ಮೆಟ್ಟಿಲಿಂದ ಬಿದ್ದು ಬಲ ಸೊಂಟ ಸರಿಯಾಗಿ ಕೂಡಿರಲಿಲ್ಲ. ಕುರ್ಚಿಯ ಕೈ ಹಿಡಿದು, ಮೈಯ ಭಾರವನ್ನೆಲ್ಲ ಎಡಕ್ಕೆ ಹಾಕಿ, ನಿಧಾನವಾಗಿ ಕೂತರು.

ಕೊಡೆಯಮ್ಮ ಅದನ್ನು ನೋಡಿದರು. ನೋಡಿ, ಚೀಟಿ ಮಡಚಿ, ಹೊರಗೆ ಬಂದರು.

*

"ಬನ್ನಿ ಅಕ್ಕ. ಬಟ್ಟೆ ತಂದ್ರಾ, ಬರೀ ಬಾಯಿ ತಂದ್ರಾ?"

ಇಸ್ತ್ರಿಯಮ್ಮನ ಅಂಗಡಿ ಎಂದರೆ ಒಂದು ಬಾಗಿಲು, ಒಂದು ಮೇಜು, ಹಿಂದೆ ಒಂದು ಪುಟ್ಟ ಕೋಣೆ. ಕಾದ ಹತ್ತಿಯ ವಾಸನೆ ಬೀದಿಯ ತಿರುವಿನವರೆಗೂ ಬರುತ್ತಿತ್ತು.

"ಬರೀ ಬಾಯಿ. ಅದಕ್ಕೆ ಇಸ್ತ್ರಿ ಬೇಕಾಗಿಲ್ಲ."

"ಯಾಕೆ ಬೇಡ? ಎಲ್ಲರ ಬಾಯಿಗೂ ಒಂದೊಂದು ಗೆರೆ ಇಸ್ತ್ರಿ ಹಾಕಿದ್ರೆ ಊರು ಯಾವತ್ತೋ ಉದ್ಧಾರ ಆಗ್ತಿತ್ತು." ನಗುತ್ತಲೇ ಆಕೆ ಒಂದು ಬಿಳಿ ಅಂಗಿಯ ತೋಳಿನ ಮೇಲೆ ಪೆಟ್ಟಿಗೆ ಇಟ್ಟರು. ಎರಡು ಸಲ ಆಡಿಸಿ, ಮೇಜು ಹಿಡಿದುಕೊಂಡು ಉಸಿರು ತಂದುಕೊಂಡರು.

"ಮಗಳು ಹೇಗಿದ್ದಾಳೆ?"

"ಹೊಳೆಯಾಚೆ ಇದ್ದಾಳಲ್ಲ... ಚೆನ್ನಾಗಿದ್ದಾಳೆ."

"ನಾನು ಹೊಳೆಯಾಚೆಯಿಂದಲೇ ಬರ್ತಿದ್ದೀನಿ."

ಪೆಟ್ಟಿಗೆ ನಿಂತಿತು. ತೋಳಿನಿಂದ ತೆಳ್ಳಗೆ ಹೊಗೆ ಎದ್ದಿತು.

"ಬಟ್ಟೆ ಸೀದು ಹೋಗುತ್ತೆ ನೋಡಮ್ಮ."

ಇಸ್ತ್ರಿಯಮ್ಮ ಪೆಟ್ಟಿಗೆ ಎತ್ತಿಟ್ಟರು. ಕಂದು ಗುರುತನ್ನು ಹೆಬ್ಬೆರಳಿನಿಂದ ಉಜ್ಜಿದರು. ಅದು ಹೋಗುವಂಥದ್ದಲ್ಲ. "ಯಾರು ಹೇಳಿದ್ರು ನಿಮಗೆ?"

"ಈಗ ನೀವೇ."

ಇಸ್ತ್ರಿಯಮ್ಮ ಬಾಗಿಲನ್ನು ಅರ್ಧ ಮುಚ್ಚಿದರು. "ಬ್ರೆಡ್ ಕಾರ್ಖಾನೇಲಿ ಒಲೆ ಮುಂದೆ ಕೆಲಸ. ಬೆಳಗಿನ ಪಾಳಿ. ಪ್ರತಿ ಬುಧವಾರ ಮೈಯೆಲ್ಲ ಹಿಟ್ಟು ಮಾಡ್ಕೊಂಡು ಬರ್ತಾಳೆ, ಈ ಹಿಂದಿನ ಕೋಣೇಲಿ ನನ್ನ ಜೊತೆ ಊಟ ಮಾಡಿ ಹೋಗ್ತಾಳೆ. ಅಷ್ಟೇ ಅಕ್ಕ. ಕಳ್ಳತನ ಮಾಡಿಲ್ಲ, ಓಡಿ ಹೋಗಿಲ್ಲ."

"ಸಭೆ ಯಾಕೆ ಬಿಟ್ಟಳು?"

"ಚಿಕ್ಕಂದಿನಿಂದ ಪ್ರಶ್ನೆ ಕೇಳೋ ಹುಡುಗಿ. ಹತ್ತು ಕೇಳಿದ್ರೆ ಒಂಬತ್ತಕ್ಕೆ ಗದರಿಕೆ. ಹತ್ತನೇದಕ್ಕೆ ನಾನೇ ಗದರ್ತಿದ್ದೆ. ಒಂದು ದಿನ ಕೇಳೋದನ್ನೇ ನಿಲ್ಲಿಸಿಬಿಟ್ಟಳು. ಅವತ್ತೇ ನನಗೆ ಗೊತ್ತಾಯ್ತು, ಇವಳು ಹೊರಟಳು ಅಂತ." ಆಕೆ ಅಂಗಿಯನ್ನು ಮಡಚತೊಡಗಿದರು. "ಎದ್ದು ನಿಂತು, ನಾನು ಬಿಟ್ಟೆ ಅಂತ ಕೂಗಿ ಹೋಗೋರಿದ್ದಾರೆ. ಅವಳಿಗೂ ಆ ಧೈರ್ಯ ಇತ್ತು. ನನಗೋಸ್ಕರ ಸದ್ದಿಲ್ಲದೆ ಹೋದಳು. ಈ ಸಭೆಯಿಂದ ಹೊರಟಳು, ಆ ಸಭೆಗೆ ಸೇರಲಿಲ್ಲ. ಎರಡರ ನಡುವೆ ಇಳಿದುಬಿಟ್ಟಳು."

"ಅರ್ಧ ಚೀಟಿ ವಾಪಸು ಕಳಿಸಿದ್ದು ಯಾರು?"

"ದೇವರಾಣೆ ಗೊತ್ತಿಲ್ಲ. ಅವಳೂ ಹೇಳಲ್ಲ. ದಿಂಬು, ಕಾಗದ ಕೊಟ್ಟು ಬಂದೆ ಅಂತಾಳೆ, ಯಾರಿಗೆ ಅಂದ್ರೆ ಬಾಯಿಗೆ ಬೀಗ."

ಗೋಡೆಯ ಮೊಳೆಗೆ ಒಂದು ಆಸ್ಪತ್ರೆಯ ಕಾಗದ ಸಿಕ್ಕಿಸಿತ್ತು. ಕೊಡೆಯಮ್ಮ ಅದರತ್ತ ನೋಡಿದ್ದನ್ನು ಇಸ್ತ್ರಿಯಮ್ಮ ಗಮನಿಸಿದರು.

"ಹೃದಯದ ಆಪರೇಷನ್ನು. ಇವತ್ತಿಗೆ ಒಂಬತ್ತನೇ ದಿನಕ್ಕೆ. ಪಕ್ಕದಲ್ಲಿ ಯಾರಿರ್ತಾರೆ ಅಂತ ಕೇಳಿದ್ರು. ಮಗಳು ಅಂತ ಬರೆಸಿದೆ. ಬೇರೆ ಯಾರಿದ್ದಾರೆ ನನಗೆ?" ಆಕೆ ಮಡಚಿದ ಅಂಗಿಯನ್ನು ಮತ್ತೆ ಬಿಚ್ಚಿದರು. "ನಾಳೆ ಅವಳ ಹೆಸರು ಓದಿದ್ರೆ ಅವಳು ಆ ಕೋಣೆಗೆ ಕಾಲಿಡೋ ಹಾಗಿಲ್ಲ. ಕಾಲಿಟ್ರೆ ನಾನು ಸಭೆಗೆ ಕಾಲಿಡೋ ಹಾಗಿಲ್ಲ. ನಾನು ಸಭೆ ಬಿಡಲ್ಲ ಅಕ್ಕ. ನಲವತ್ತು ವರ್ಷ ಅದೇ ಜಾಗದಲ್ಲಿ ಕೂತು ಅತ್ತಿದ್ದೀನಿ, ನಕ್ಕಿದ್ದೀನಿ. ನನ್ನ ದೇವರು ಅಲ್ಲೇ ಸಿಕ್ಕಿದ್ದು. ಅವಳನ್ನೂ ಬಿಡಲ್ಲ. ಎರಡು ಕಣ್ಣಲ್ಲಿ ಯಾವುದನ್ನ ಕಿತ್ತು ಕೊಡ್ತೀಯಾ ಅಂದ್ರೆ ಏನು ಹೇಳ್ಲಿ?"

ಕೊಡೆಯಮ್ಮ ಗೋಡೆಯ ಕಾಗದದ ತಾರೀಕನ್ನು ಇನ್ನೊಮ್ಮೆ ಓದಿದರು.

"ಹಿರಿಯರಿಗೆ ಏನು ಹೇಳ್ತೀರಿ?"

"ಸಿಕ್ಕಿದ್ದನ್ನ ಸಿಕ್ಕ ಹಾಗೆ ಹೇಳ್ತೀನಿ ಅಂತ ಮಾತು ಕೊಟ್ಟಿದ್ದೀನಮ್ಮ."

"ಕೊಟ್ಟ ಮೇಲೆ ಮುಗೀತು. ಸುಳ್ಳು ಹೇಳಿ ಅಂತ ನಾನು ಕೇಳಲ್ಲ, ನಮ್ಮಲ್ಲಿ ಅದಿಲ್ಲ." ಇಸ್ತ್ರಿಯಮ್ಮ ಸೀದ ಅಂಗಿಯನ್ನು ಬೇರೆ ಇಟ್ಟು, ಇನ್ನೊಂದನ್ನು ಕೈಗೆತ್ತಿಕೊಂಡರು. "ಆದ್ರೆ ಅರ್ಧ ನಿಜ ತಗೊಂಡು ಹೋಗಿ ಕೊಡಬೇಡಿ ಅಕ್ಕ. ಪೂರ್ತಿ ಹುಡುಕಿ ಆಮೇಲೆ ಹೇಳಿ."

ಬೀದಿಗೆ ಇಳಿದಾಗ ಕೊಡೆಯಮ್ಮನ ಹೆಜ್ಜೆ ಗಟ್ಟಿಯಾಗಿತ್ತು. ಹೊಳೆಯೀಚೆಯ ಹಿರಿಯರು ನಡೆಸುವ ಕನ್ನಡಕದ ಅಂಗಡಿಗೆ ಹೋಗಿ, ಬಾಗಿಲಲ್ಲೇ ನಿಂತು ಇಷ್ಟು ಹೇಳಿದರು: "ಉತ್ತರ ಬೇಕಾದ್ರೆ ಐದು ಗಂಟೆಗೆ ಹೊಳೆಯಾಚೆಗೆ ಬನ್ನಿ. ಇಲ್ಲಿ ಹೇಳೋವಂಥದ್ದಲ್ಲ."

*

ನಾಲ್ಕು ಗಂಟೆ. ಪಟ್ಟಿಯಮ್ಮ ಮೇಜಿನಲ್ಲಿ ಒಂದು ಹಳೆಯ ಪುಸ್ತಕ ಹೊಲಿಯುತ್ತಿದ್ದರು. ಹೊಟ್ಟೆಪಾಡಿಗೆ ಆಕೆಯದು ಪುಸ್ತಕ ಕಟ್ಟುವ ಕೆಲಸ. ಹೇಳಿದಂತೆಯೇ ಧೂಳು ಹೊಡೆದಿರಲಿಲ್ಲ.

ಕೊಡೆಯಮ್ಮ ನೇರ ಮೂರನೆಯ ಸಾಲಿಗೆ ಹೋಗಿ, ಇಸ್ತ್ರಿಯಮ್ಮನ ಮಗಳ ದಿಂಬಿನ ಮೇಲೆ ಕೂರಲು ಬಗ್ಗಿದರು.

"ಅಲ್ಲಿ ಕೂರಬೇಡಿ!"

"ಯಾಕಮ್ಮ, ಯಾರಾದ್ರೂ ಬರ್ತಾರಾ?"

ಸೂಜಿ ಹಾಳೆಯಲ್ಲೇ ನಿಂತಿತು.

"ಅದು... ಬೇರೆಯವರ ಜಾಗ."

"ಯಾರದ್ದು?"

"ಪಟ್ಟೀಲಿದೆ."

"ಪಟ್ಟಿ ಹೇಳೋದು ಆಮೇಲೆ ಕೇಳೋಣ. ದಿಂಬು ಆಗಲೇ ಹೇಳಿ ಮುಗಿಸಿದೆ." ಕೊಡೆಯಮ್ಮ ಆಕೆಯ ಎದುರು ಬಂದು ಕೂತರು. "ನನ್ನ ಕಚೇರಿಗೆ ವಾರಕ್ಕೆ ಮೂಟೆ ಚಪ್ಪಲಿ ಬರ್ತಿತ್ತು. ಹಿಮ್ಮಡಿ ನೋಡಿ ಹೇಳ್ತಿದ್ದೆ, ಇವನು ಕುಂಟ್ತಾನೆ, ಇವಳು ತಲೆ ಮೇಲೆ ಭಾರ ಹೊರ್ತಾಳೆ ಅಂತ. ಚಪ್ಪಲಿ ಕಳ್ಕೊಂಡೋರು ಬಂದು ಸುಳ್ಳು ಹೇಳ್ತಿದ್ರು, ಚಪ್ಪಲಿ ಒಂದು ದಿನವೂ ಹೇಳಲಿಲ್ಲ. ಏಳು ಜನ ಒಂದೇ ಕಡೆ ವಾಲಿ ಕೂರ್ತಾರಾ ಪಟ್ಟಿಯಮ್ಮ? ಅದರಲ್ಲಿ ಇಬ್ಬರು ಗಂಡಸರು, ಒಬ್ಬ ಭಾರ ಹೊರೋ ಕೂಲಿ. ಅವನ ದಿಂಬೂ ಮಗಳ ದಿಂಬೂ ಒಂದೇ ಅಚ್ಚು."

ಪಟ್ಟಿಯಮ್ಮ ದಾರವನ್ನು ಹಲ್ಲಿನಿಂದ ಕಡಿದರು. ಗಂಟು ಹಾಕಿದರು. ಅವಸರವಿರಲಿಲ್ಲ. ಅಂಜಿದವರ ಕೈ ಹಾಗಿರುವುದಿಲ್ಲ.

"ವಾರಕ್ಕೆ ಏಳು ದಿನ, ಏಳು ದಿಂಬು," ಅಂದರು ಕೊನೆಗೆ. "ಮಂಗಳವಾರ ಕೂಲಿಯಣ್ಣನದು. ಬುಧವಾರ ಇಸ್ತ್ರಿಯಮ್ಮನ ಮಗಳದು. ಒಂದೊಂದು ಗಂಟೆ."

"ಎಂಟನೆಯವರು ಬಂದಿದ್ರೆ?"

"ಬೆಳಗ್ಗೆ ಒಂದು, ಸಂಜೆ ಒಂದು ಕೂರ್ತಿದ್ದೆ."

ಕೊಡೆಯಮ್ಮನಿಗೆ ನಗು ಬಂತು, ತಡೆದುಕೊಂಡರು. "ಬರೀ ತಗ್ಗು ಮಾಡೋಕೆ ಇಷ್ಟು ವರ್ಷ ಕೂತೆಯಾ? ಒಂದು ಕಲ್ಲು ಹೇರಿಟ್ಟಿದ್ರೆ ಆಗ್ತಿರಲಿಲ್ವಾ?"

"ಕಲ್ಲು ಪ್ರಾರ್ಥನೆ ಮಾಡುತ್ತಾ ಅಕ್ಕ?" ಪಟ್ಟಿಯಮ್ಮನ ಮುಖ ಮೊದಲ ಸಲ ಬಿಸಿಯಾಯಿತು. "ಯಾರ ದಿಂಬಿನ ಮೇಲೆ ಕೂರ್ತೀನೋ ಅವರ ಹೆಸರು ಹಿಡಿದು ಬೇಡ್ಕೊಳ್ತೀನಿ. ಅವಳ ಒಲೆ ಅವಳ ಕೈ ಸುಡದಿರಲಿ, ಇವನ ಬೆನ್ನು ನೆಟ್ಟಗಿರಲಿ ಅಂತ. ಅವರು ಕೂರದ ಹೊತ್ತನ್ನ ನಾನು ಕೂರ್ತೀನಿ. ಅವರು ಬಿಟ್ಟಿದ್ದು ಸಭೆ. ಅವರನ್ನ ಬಿಡೋಕೆ ನಾನು ಯಾರು?"

"ಆದ್ರೂ ಬರೆದಿದ್ದು ಸುಳ್ಳಲ್ವಾ?"

"ಸುಳ್ಳೇ." ಆಕೆ ಕಣ್ಣು ತಗ್ಗಿಸಲಿಲ್ಲ. "ನಾನದಕ್ಕೆ ಬಣ್ಣ ಹಚ್ಚಿಲ್ಲ. ದಿನಾ ದೇವರ ಮುಂದೆ, ಸುಳ್ಳು ಬರೆದಿದ್ದೀನಪ್ಪ ಅಂತಲೇ ಒಪ್ಕೊಳ್ತೀನಿ. ಮಾರನೇ ದಿನ ಮತ್ತೆ ಹೋಗಿ ಕೂರ್ತೀನಿ. ಅವನು ಏನು ಕೊಟ್ಟರೂ ತಗೋತೀನಿ. ಇನ್ನೊಂದು ಸಲ ಆ ಬಾಗಿಲು ಮುಚ್ಚಲ್ಲ ಅಂತ ತೀರ್ಮಾನ ಮಾಡಿ ಆಗಿದೆ."

"ಇನ್ನೊಂದು ಸಲ?"

ಕೊಡೆಯಮ್ಮ ಕೇಳಿದ್ದು ಮೆಲ್ಲಗೆ. ಆದರೆ ಬಾಣ ತಾಗುವಲ್ಲಿ ತಾಗಿತು.

"ಮೊದಲು ಬಂದವನಿಗೆ ಮುಚ್ಚಿದ್ದೆ," ಅಂದರು ಪಟ್ಟಿಯಮ್ಮ. "ಈ ಏಳು ಜನಕ್ಕೂ ಮುಂಚೆ. ಒಂಬತ್ತು ವರ್ಷ ಆಯ್ತು. ಇನ್ನೂ ಮೀಸೆ ಸರಿಯಾಗಿ ಚಿಗುರದವನು. ದಿಂಬು, ಅರ್ಧ ಕಾಗದ ಹಿಡ್ಕೊಂಡು ಇದೇ ಮೆಟ್ಟಿಲ ಮೇಲೆ ನಿಂತಿದ್ದ. ಅಕ್ಕ, ನಾನು ಒಳಗೆ ಬರೋಕೆ ಆಗಲ್ಲ, ಆದ್ರೆ ಇದನ್ನ ತುಂಬಿ ಕಳಿಸಿ, ಇಲ್ಲದಿದ್ರೆ ಅಮ್ಮನ್ನ ನೋಡೋಕೆ ಬಿಡಲ್ಲ ಅಂದ. ನಾನಾಗ ಗೆರೆ ಅಂದ್ರೆ ಗೆರೆ ಅನ್ನೋಳು. ಸುಳ್ಳಿಗೆ ನನ್ನ ಕೈ ಕೇಳ್ತೀಯಾ, ಗಂಡಸಾದ್ರೆ ಹೋಗಿ ಎಲ್ಲರ ಮುಂದೆ ನಿಂತು ಹೇಳು ಅಂದೆ. ಎರಡನ್ನೂ ಮೆಟ್ಟಿಲ ಮೇಲಿಟ್ಟು ಹೋದ."

"ಆಮೇಲೆ?"

"ನಾಲ್ಕು ತಿಂಗಳಿಗೆ ಹೆಸರು ಓದಿದ್ರು. ಮುಂದಿನ ವರ್ಷ ಅವನ ತಾಯಿ ಹಾಸಿಗೆ ಹಿಡಿದ್ರು. ಹನ್ನೊಂದು ದಿನ ಅವನು ಮನೆ ಗೇಟಿನಾಚೆ ನಿಂತಿದ್ದನಂತೆ. ಒಳಗೆ ಬಿಡಲಿಲ್ಲ. ಹನ್ನೆರಡನೇ ದಿನ ನಿಲ್ಲೋ ಕೆಲಸವೂ ಇರಲಿಲ್ಲ."

ಹೊರಗೆ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು. ಲೋಕ ಎಂದಿನಂತೆಯೇ ನಡೆದಿತ್ತು.

"ಯಾರ ಮಗ ಅವನು?"

ಬಿಳಿ ಬಾಗಿಲಿನ ಮೇಲೆ ಮೂರು ಸಲ ಬೆರಳ ಸದ್ದಾಯಿತು. ಸರಿಯಾಗಿ ಐದು ಗಂಟೆ. "ಬಾಗಿಲು ತಟ್ಟಿದವರ ಮಗ," ಅಂದರು ಪಟ್ಟಿಯಮ್ಮ.

*

ಕನ್ನಡಕದ ಹಿರಿಯರು ಒಳಗೆ ಬಂದು, ಮೊದಲು ದೇವರಿಗೆ ತಲೆ ಬಾಗಿಸಿ, ಆಮೇಲೆ ಇಬ್ಬರಿಗೂ ಬಾಗಿಸಿದರು. ಎತ್ತರದ ಆಳು. ಕಂಕುಳಲ್ಲಿ ತಮ್ಮ ಸಭೆಯ ದಪ್ಪ ಪುಸ್ತಕ. ತಾವೇ ಉಜ್ಜಿದ ಗಾಜಿನ ಹಿಂದೆ ಅವರ ಕಣ್ಣು ನಿದ್ದೆ ಕಾಣದ ಕಣ್ಣು.

"ಹೇಳಿ ತಾಯಿ. ಇದ್ದಾಳಾ, ಇಲ್ವಾ?"

"ಇಲ್ಲ, ಆದ್ರೆ ಅದು ಅರ್ಧ ನಿಜ," ಅಂದರು ಕೊಡೆಯಮ್ಮ, ಮೂರನೆಯ ಸಾಲಿನ ದಿಂಬಿನತ್ತ ಕೈ ತೋರಿಸಿ, "ಪೂರ್ತಿ ಕೇಳೋಕೆ ಕೂತ್ಕೊಳ್ಳಿ."